ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಎರಡನೆಯದು ಸಹಜವಾಗಬಹುದೇ?

ಪ್ರಶ್ನೆ: ನನಗೆ 29 ವರ್ಷ. ಮೊದಲ ಹೆರಿಗೆಯಲ್ಲಿ ನೋವು ತಾನಾಗಿಯೇ ಬಂದಿತ್ತು. ಗರ್ಭಕೋಶದ ಬಾಯಿ 7 ಸೆಂ.ಮೀ. ತೆರೆದ ಮೇಲೆ ನಾಲ್ಕೈದು ಗಂಟೆ ಕಾದರೂ ಮುಂದುವರಿಯಲಿಲ್ಲವೆಂದು ಸಿಸೇರಿಯನ್ ಮಾಡಿದರು. ಮಗುವಿನ ತೂಕ 3.2 ಕೆ.ಜಿ. ಇತ್ತು. ಈಗ ಮತ್ತೆ ಗರ್ಭಿಣಿ, 31 ವಾರ ತುಂಬಿದೆ. ಹೆರಿಗೆಯ ಹೊತ್ತಿಗೆ ಮೊದಲ ಮಗುವಿಗೆ ಎರಡು ವರ್ಷ ಒಂಬತ್ತು ತಿಂಗಳಾಗುತ್ತದೆ. ಮಾಸು ಮೇಲ್ಭಾಗದಲ್ಲಿದೆ, ಮಗುವಿನ ತಲೆ ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಹೇಳಿದ್ದಾರೆ. ಒಬ್ಬ ವೈದ್ಯರು "39 ವಾರಕ್ಕೆ ಆಪರೇಷನ್ ಮಾಡಿಬಿಡೋಣ" ಎನ್ನುತ್ತಾರೆ, ಇನ್ನೊಬ್ಬರು "ಸಹಜ ಹೆರಿಗೆಗೆ ಪ್ರಯತ್ನಿಸಬಹುದು" ಎನ್ನುತ್ತಾರೆ. ಎರಡೂ ಸಿಸೇರಿಯನ್ ಆಗಿರುವ ನನ್ನ ಅಕ್ಕ, ಹಳೆಯ ಹೊಲಿಗೆ ಬಿಚ್ಚಿಕೊಂಡರೆ ಇಬ್ಬರ ಜೀವಕ್ಕೂ ಅಪಾಯ ಎಂದು ಹೆದರಿಸುತ್ತಾಳೆ. ಮುಂದೆ ಮೂರನೆಯ ಮಗು ಬೇಕೆಂಬ ಆಸೆಯೂ ನಮಗಿದೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಇಬ್ಬರು ವೈದ್ಯರಲ್ಲಿ ಯಾರ ಮಾತೂ ತಪ್ಪಲ್ಲ. ನೀವು ಕೊಟ್ಟಿರುವ ವಿವರಗಳಷ್ಟನ್ನೇ ಇಟ್ಟುಕೊಂಡು ನೋಡಿದರೆ ಸಹಜ ಹೆರಿಗೆಗೆ ಪ್ರಯತ್ನಿಸುವುದಕ್ಕೂ ಅಡ್ಡಿಯಿಲ್ಲ, 39 ವಾರ ತುಂಬಿದ ಮೇಲೆ ಮತ್ತೆ ಸಿಸೇರಿಯನ್ ಮಾಡಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಈ ವಿಷಯದಲ್ಲಿ ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದರಲ್ಲೊಂದು ಕಲಸಿಬಿಡುವುದರಿಂದ. ಪ್ರಯತ್ನಿಸಿದರೆ ಹೆರಿಗೆ ಸಹಜವಾಗಿ ಮುಗಿಯುವ ಸಾಧ್ಯತೆ ಎಷ್ಟು ಎಂಬುದು ಒಂದು ಪ್ರಶ್ನೆ. ನೋವಿನ ಹೊತ್ತಿನಲ್ಲಿ ಗರ್ಭಕೋಶದ ಮೇಲಿನ ಹಳೆಯ ಗಾಯ ತಡೆದುಕೊಳ್ಳುತ್ತದೆಯೇ ಎಂಬುದು ಇನ್ನೊಂದು. ಹಿಂದಿನ ಸಿಸೇರಿಯನ್ ಏಕೆ ಆಯಿತು ಎಂಬುದರ ಮೇಲೆ ಮೊದಲನೆಯದರ ಉತ್ತರ ಬಹುಮಟ್ಟಿಗೆ ನಿಂತಿದೆ. ಎರಡನೆಯದರ ಉತ್ತರ ನಿಂತಿರುವುದು ಆ ಆಪರೇಷನ್ ಅನ್ನು ಹೇಗೆ ಮಾಡಿದರು, ಎಷ್ಟು ಕಾಲವಾಯಿತು, ಈ ಸಲ ನೋವು ಹೇಗೆ ಆರಂಭವಾಗುತ್ತದೆ ಎಂಬುದರ ಮೇಲೆ. ನಿಮ್ಮ ಅಕ್ಕನವರು ಎರಡನೆಯದಕ್ಕೆ ಹೆದರುತ್ತಿದ್ದಾರೆ. ಆಪರೇಷನ್ ಸೂಚಿಸಿದ ವೈದ್ಯರು ಪ್ರಾಯಶಃ ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದಾರೆ.

ಯಾವುದನ್ನೇ ನಿರ್ಧರಿಸುವ ಮೊದಲು ನಿಮ್ಮ ಹಿಂದಿನ ಆಪರೇಷನ್ನಿನ ದಾಖಲೆಯನ್ನು ತರಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಸಾಮಾನ್ಯವಾಗಿ ಒಂದೆರಡು ಸಾಲು ಮಾತ್ರ ಇರುತ್ತದೆ. ನಿಮಗೆ ಬೇಕಾಗಿರುವುದು ಶಸ್ತ್ರಚಿಕಿತ್ಸಕರು ಆಪರೇಷನ್ ಮುಗಿಸಿ ಬರೆದಿಟ್ಟ ಪೂರ್ಣ ಟಿಪ್ಪಣಿ. ಗರ್ಭಕೋಶವನ್ನು ಎಲ್ಲಿ ಕೊಯ್ದರು, ಅಡ್ಡಲಾಗಿಯೋ ಉದ್ದಕ್ಕೋ, ಮಗುವನ್ನು ತೆಗೆಯುವಾಗ ಗಾಯ ಮೇಲಕ್ಕೋ ಪಕ್ಕಕ್ಕೋ ಹರಿಯಿತೇ, ಎಷ್ಟು ಪದರವಾಗಿ ಹೊಲಿದರು, ರಕ್ತ ಎಷ್ಟು ಹೋಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಹೊಟ್ಟೆಯ ಚರ್ಮದ ಮೇಲಿನ ಕಲೆಯನ್ನು ನೋಡಿ ಒಳಗಿನ ಗಾಯವನ್ನು ಊಹಿಸಬಾರದು. ಹೊರಗೆ ಕೆಳಹೊಟ್ಟೆಯಲ್ಲಿ ಅಚ್ಚುಕಟ್ಟಾದ ಅಡ್ಡಗೆರೆ ಇದ್ದು, ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರುವ ಪ್ರಸಂಗಗಳಿವೆ. ಇದಕ್ಕೆ ತಿರುಗುಮುರುಗಾದ ಪ್ರಸಂಗಗಳೂ ಇವೆ.

ಈ ವ್ಯತ್ಯಾಸ ಏಕೆ ಅಷ್ಟು ಮುಖ್ಯ ಎಂಬುದನ್ನು ಸ್ವಲ್ಪ ವಿವರಿಸಬೇಕು. ಹೆರಿಗೆಯ ಹೊತ್ತಿಗೆ ಗರ್ಭಕೋಶವು ಸ್ವಭಾವದಲ್ಲಿ ಬೇರೆಯಾದ ಎರಡು ಭಾಗಗಳಾಗಿರುತ್ತದೆ. ಮೇಲ್ಭಾಗ ದಪ್ಪ ಸ್ನಾಯುವಿನದು; ಪ್ರತಿ ನೋವಿಗೂ ಗಟ್ಟಿಯಾಗಿ ಸಂಕುಚಿಸಿ ಮಗುವನ್ನು ಕೆಳಕ್ಕೆ ತಳ್ಳುವುದು ಅದೇ. ಕೆಳಭಾಗ ಗರ್ಭದ ಕೊನೆಯ ತಿಂಗಳುಗಳಲ್ಲಿ ತೆಳುವಾಗಿ ಹಿಗ್ಗಿಕೊಂಡು ಮಗುವಿಗೆ ದಾರಿ ಬಿಡುತ್ತದೆಯೇ ಹೊರತು ಅಷ್ಟಾಗಿ ಸಂಕುಚಿಸುವುದಿಲ್ಲ. ಈಗಿನ ಸಿಸೇರಿಯನ್‌ಗಳಲ್ಲಿ ಬಹುಪಾಲು ಈ ಕೆಳಭಾಗದಲ್ಲಿ ಅಡ್ಡಲಾಗಿಯೇ ಕೊಯ್ಯುತ್ತಾರೆ. ಅಲ್ಲಿನ ಗಾಯದ ಮೇಲೆ ಎಳೆತ ಕಡಿಮೆ, ಅದು ಕೂಡಿಕೊಳ್ಳುವುದೂ ಚೆನ್ನಾಗಿ. ಮೇಲ್ಭಾಗದ ದಪ್ಪ ಸ್ನಾಯುವನ್ನು ಉದ್ದಕ್ಕೆ ಸೀಳಿದ್ದರೆ ಮುಂದಿನ ಹೆರಿಗೆಯ ಪ್ರತಿಯೊಂದು ನೋವೂ ಆ ಗಾಯವನ್ನೇ ಎರಡು ಕಡೆಗೆ ಎಳೆಯುತ್ತದೆ. ಅಂಥವರಿಗೆ ಸಹಜ ಹೆರಿಗೆಯ ಪ್ರಯತ್ನವನ್ನು ಸೂಚಿಸುವುದಿಲ್ಲ, ಕೆಲವೊಮ್ಮೆ ನೋವು ಆರಂಭವಾಗುವ ಮೊದಲೇ ಹೊಟ್ಟೆಯೊಳಗೆ ಅದು ಬಿರಿಯುವುದುಂಟು. ಅಡ್ಡಗಾಯವು ಮೇಲ್ಮುಖವಾಗಿ ಹರಿದು ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದ ಆಕಾರ ಪಡೆದಿದ್ದರೂ ಎಚ್ಚರ ಅಷ್ಟೇ ಬೇಕು. 26–28 ವಾರಗಳಲ್ಲಿ ಆದ ಸಿಸೇರಿಯನ್‌ನಲ್ಲಿ ಈ ಕೆಳಭಾಗ ಇನ್ನೂ ಸರಿಯಾಗಿ ರೂಪುಗೊಂಡಿರುವುದಿಲ್ಲವಾದ್ದರಿಂದ, ಅಡ್ಡಲಾಗಿ ಕೊಯ್ದಿದ್ದರೂ ಗಾಯ ಸ್ನಾಯುವಿನ ಭಾಗಕ್ಕೆ ತಗುಲಿರಬಹುದು. ನಿಮ್ಮದು ದಿನ ತುಂಬಿ, ನೋವು ಬಂದು, ಬಾಯಿ 7 ಸೆಂ.ಮೀ. ತೆರೆದ ಮೇಲೆ ಆದ ಆಪರೇಷನ್. ಅಂಥ ಸ್ಥಿತಿಯಲ್ಲಿ ಕೆಳಭಾಗ ಚೆನ್ನಾಗಿ ಹಿಗ್ಗಿರುವುದರಿಂದ ಅಡ್ಡಗಾಯವೇ ಆಗಿರುವ ಸಂಭವ ಬಹಳ ಹೆಚ್ಚು. ಆದರೂ ಕಾಗದದ ಮೇಲೆ ಅದನ್ನು ಓದಿ ಖಚಿತಪಡಿಸಿಕೊಳ್ಳಿ.

"ಒಮ್ಮೆ ಸಿಸೇರಿಯನ್ ಆದರೆ ಎಂದೆಂದಿಗೂ ಸಿಸೇರಿಯನ್" ಎಂಬ ಮಾತಿನ ಮೂಲವೂ ಇಲ್ಲಿಯೇ ಇದೆ. 1916ರಲ್ಲಿ ನ್ಯೂಯಾರ್ಕಿನ ಪ್ರಸೂತಿ ವೈದ್ಯ ಎಡ್ವಿನ್ ಕ್ರೇಗಿನ್ ಹಾಗೆ ಬರೆದಾಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ಯುವುದೇ ರೂಢಿಯಾಗಿತ್ತು. ಮೊದಲ ಸಿಸೇರಿಯನ್ನಿಗೆ ಸುಲಭವಾಗಿ ಕೈ ಹಾಕಬೇಡಿ ಎಂದು ಸಹೋದ್ಯೋಗಿಗಳನ್ನು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಕೆಳಭಾಗದ ಅಡ್ಡಗಾಯವನ್ನು ಪ್ರಚಾರಕ್ಕೆ ತಂದ ಮೇಲೆ ಆ ಮಾತಿನ ಆಧಾರವೇ ಬದಲಾಯಿತು. ಮಾತು ಮಾತ್ರ ನೂರು ವರ್ಷ ಕಳೆದರೂ ಮನೆಮನೆಗಳಲ್ಲಿ ಉಳಿದುಕೊಂಡಿದೆ.

ಈಗ ಹೊಲಿಗೆ ಬಿಚ್ಚಿಕೊಳ್ಳುವ ಭಯಕ್ಕೆ ಬರೋಣ. ಹೊಲಿದ ದಾರ ಕೆಲವು ವಾರಗಳಲ್ಲೇ ಕರಗಿಹೋಗಿರುತ್ತದೆ. ಈಗ ಅಲ್ಲಿರುವುದು ಕೂಡಿಕೊಂಡ ಗಾಯದ ಗಟ್ಟಿ ಅಂಗಾಂಶ. ಆ ಜಾಗದಲ್ಲಿ ಆಗಬಹುದಾದುದು ಎರಡು ಬಗೆ. ಒಂದರಲ್ಲಿ ಗಾಯದ ಸ್ನಾಯುಪದರ ಸರಿದು, ಹೊರಗಿನ ತೆಳು ಪೊರೆ ಮಾತ್ರ ಹರಿಯದೆ ಉಳಿದಿರುತ್ತದೆ. ಇದರಿಂದ ತಾಯಿಗಾಗಲಿ ಮಗುವಿಗಾಗಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಎರಡನೆಯ ಸಿಸೇರಿಯನ್ ಮಾಡುವಾಗ, ಆ ಪೊರೆಯ ಹಿಂದೆ ಮಗುವಿನ ಕೂದಲು ಕಾಣುವಷ್ಟು ತೆಳುವಾಗಿರುವ ಜಾಗವನ್ನು ನಾವು ಆಗಾಗ ನೋಡುತ್ತೇವೆ. ಇನ್ನೊಂದು ಪೂರ್ಣ ಬಿರಿತ. ಇದರಲ್ಲಿ ಗರ್ಭಕೋಶದ ಗೋಡೆ ಒಳಗಿನಿಂದ ಹೊರಗಿನವರೆಗೂ ಹರಿದು, ರಕ್ತ ಹೊಟ್ಟೆಯೊಳಕ್ಕೆ ಹರಿಯುತ್ತದೆ, ಕೆಲವೊಮ್ಮೆ ಮಗುವೋ ಮಾಸೋ ಗರ್ಭಕೋಶದಿಂದ ಆಚೆ ಬಂದುಬಿಡುತ್ತದೆ. ನಿಮ್ಮ ಅಕ್ಕನವರು ಹೆದರುತ್ತಿರುವುದು ಇದಕ್ಕೆ, ಆ ಹೆದರಿಕೆ ಆಧಾರವಿಲ್ಲದ್ದಲ್ಲ. ಪ್ರಶ್ನೆ ಅದು ಎಷ್ಟು ಸಲ ಆಗುತ್ತದೆ ಎಂಬುದು.

1999ರಿಂದ 2002ರವರೆಗೆ ಅಮೆರಿಕದ 19 ವೈದ್ಯಕೀಯ ಕೇಂದ್ರಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ಹಿಂದೆ ಸಿಸೇರಿಯನ್ ಆಗಿದ್ದು ಈಗ ಸಹಜ ಹೆರಿಗೆಗೆ ಪ್ರಯತ್ನಿಸಿದ 17,898 ಮಹಿಳೆಯರ ವಿವರಗಳನ್ನು ಸಂಗ್ರಹಿಸಿದರು. ಅವರಲ್ಲಿ ನೂರಕ್ಕೆ 73.4 ಮಂದಿಗೆ ಸಹಜವಾಗಿಯೇ ಹೆರಿಗೆಯಾಯಿತು. ಗರ್ಭಕೋಶ ಬಿರಿದದ್ದು 124 ಮಂದಿಯಲ್ಲಿ, ಅಂದರೆ ನೂರಕ್ಕೆ 0.7. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ 12 ಶಿಶುಗಳಿಗೆ ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಪೆಟ್ಟಾಯಿತು. ಅವುಗಳಲ್ಲಿ ಏಳು ಗರ್ಭಕೋಶ ಬಿರಿದ ಪ್ರಸಂಗಗಳು, ಆ ಏಳರಲ್ಲಿ ಎರಡು ಶಿಶುಗಳು ತೀರಿಕೊಂಡವು. ನೋವು ಬರುವ ಮೊದಲೇ ಸಿಸೇರಿಯನ್ ಮಾಡಿಸಿಕೊಂಡ 15,801 ಮಂದಿಯ ಗುಂಪಿನಲ್ಲಿ ಮಿದುಳಿಗೆ ಪೆಟ್ಟಾದ ಒಂದು ಪ್ರಸಂಗವೂ ಇರಲಿಲ್ಲ. ಈ ಸಂಖ್ಯೆಗಳನ್ನು ನಾನು ಮರೆಮಾಚುವುದಿಲ್ಲ, ಸಣ್ಣದು ಮಾಡಿಯೂ ಹೇಳುವುದಿಲ್ಲ. ಮಗುವಿಗೆ ಸಂಬಂಧಿಸಿದ ಈ ಒಂದು ವಿಷಯದಲ್ಲಿ ಮೊದಲೇ ನಿಗದಿಯಾದ ಸಿಸೇರಿಯನ್ ಸ್ವಲ್ಪ ಹೆಚ್ಚು ಸುರಕ್ಷಿತ. ಹಾಗೆಂದು ಪ್ರಯತ್ನದ ಅಪಾಯವೂ ಅಸಾಧಾರಣವಾದುದಲ್ಲ: ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆಯಾದ ರಾಯಲ್ ಕಾಲೇಜ್‌ನ ಮಾರ್ಗಸೂಚಿ ಹೇಳುವಂತೆ, ಹೆರಿಗೆಯ ಸಮಯದಲ್ಲಿ ಮಗು ತೀರಿಕೊಳ್ಳುವ ಸಂಭವ ಹೀಗೆ ಪ್ರಯತ್ನಿಸುವವರಲ್ಲಿ 10,000ಕ್ಕೆ 4ರಷ್ಟು, ಮತ್ತು ಇದು ಮೊದಲ ಬಾರಿಗೆ ಹೆರುವ ಯಾವುದೇ ಹೆಣ್ಣಿಗೆ ಇರುವ ಅಪಾಯಕ್ಕೆ ಸಮ.

ತಾಯಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಸಹಜ ಹೆರಿಗೆ ಆದವರು ಬೇಗ ಚೇತರಿಸಿಕೊಳ್ಳುತ್ತಾರೆ, ಎರಡು–ಮೂರು ವರ್ಷದ ಮಗುವನ್ನು ಎತ್ತಿಕೊಳ್ಳಲು ವಾರಗಟ್ಟಲೆ ಕಾಯಬೇಕಾಗಿಲ್ಲ, ಸೋಂಕು ಮತ್ತು ರಕ್ತ ಹೆಪ್ಪುಗಟ್ಟುವ ತೊಂದರೆಗಳು ಕಡಿಮೆ. ಅದೇ ಮಾರ್ಗಸೂಚಿಯಲ್ಲಿ ತಾಯಿ ಮರಣದ ಪ್ರಮಾಣ ಪ್ರಯತ್ನಿಸಿದವರಲ್ಲಿ ಲಕ್ಷಕ್ಕೆ 4, ನಿಗದಿತ ಸಿಸೇರಿಯನ್‌ನಲ್ಲಿ ಲಕ್ಷಕ್ಕೆ 13 ಎಂದಿದೆ. ಎರಡೂ ಅತಿ ವಿರಳ. ಸಹಜ ಹೆರಿಗೆಯಲ್ಲಿ ಗುದದ ಸ್ನಾಯುವಿನವರೆಗೆ ಹರಿಯುವ ಸಂಭವ ನೂರಕ್ಕೆ ಐದರಷ್ಟಿದೆ ಎಂಬುದನ್ನೂ ತಿಳಿದಿರಿ, ಏಕೆಂದರೆ ಇದನ್ನು ಹೇಳದೆ ಬಿಡುವವರೇ ಹೆಚ್ಚು. ಆದರೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಅನುಭವಿಸುವವರು, ಪ್ರಯತ್ನ ಆರಂಭಿಸಿ, ಗಂಟೆಗಟ್ಟಲೆ ನೋವು ತಿಂದು, ಕೊನೆಗೆ ತುರ್ತಾಗಿ ಸಿಸೇರಿಯನ್ ಮಾಡಿಸಿಕೊಳ್ಳಬೇಕಾದವರು. ಸೋಂಕು, ರಕ್ತಸ್ರಾವ, ರಕ್ತ ಕೊಡಬೇಕಾಗುವ ಸಂದರ್ಭ ಈ ಗುಂಪಿನಲ್ಲೇ ಹೆಚ್ಚು. ಆದ್ದರಿಂದ ಎಲ್ಲ ಮಹಿಳೆಯರ ಸರಾಸರಿ ನಿಮಗೆ ಹೆಚ್ಚು ಉಪಯೋಗಕ್ಕೆ ಬಾರದು. ನಿಮ್ಮ ಸ್ವಂತ ಸಾಧ್ಯತೆ ಎಷ್ಟು ಎಂಬುದನ್ನು ಅಂದಾಜು ಮಾಡಲೇಬೇಕಾಗುತ್ತದೆ.

ಹಿಂದೆ ಒಮ್ಮೆಯಾದರೂ ಸಹಜವಾಗಿ ಹೆತ್ತವರಲ್ಲಿ ಯಶಸ್ಸು ನೂರಕ್ಕೆ 85ರಿಂದ 90. ಇದಕ್ಕಿಂತ ಒಳ್ಳೆಯ ಮುನ್ಸೂಚನೆ ಬೇರೊಂದಿಲ್ಲ, ಆದರೆ ಅದು ನಿಮಗೆ ಅನ್ವಯಿಸುವುದಿಲ್ಲ. ಮಗು ಅಡ್ಡಲಾಗಿದ್ದುದಕ್ಕೋ ಕಾಲು ಕೆಳಗಾಗಿದ್ದುದಕ್ಕೋ ಸಿಸೇರಿಯನ್ ಆಗಿದ್ದರೆ ಯಶಸ್ಸು ನೂರಕ್ಕೆ 84ರಷ್ಟು, ಮಗುವಿನ ಎದೆಬಡಿತ ಇಳಿದುದಕ್ಕೆ ಆಗಿದ್ದರೆ 73ರಷ್ಟು. ನಿಮ್ಮಂತೆ ಹೆರಿಗೆ ಅರ್ಧಕ್ಕೆ ನಿಂತುಹೋಗಿದ್ದರೆ 64ರಷ್ಟು. ಅಂದರೆ ನಿಮ್ಮಂಥ ಮೂವರಲ್ಲಿ ಸುಮಾರು ಇಬ್ಬರಿಗೆ ಸಹಜ ಹೆರಿಗೆಯಾಗುತ್ತದೆ, ಒಬ್ಬರಿಗೆ ಆಗುವುದಿಲ್ಲ. ಆಪರೇಷನ್ ಸೂಚಿಸಿದ ವೈದ್ಯರು ಬಹುಶಃ ಆ ಮೂರನೆಯವರನ್ನು ನೆನೆದು ಹೇಳಿದ್ದಾರೆ.

ಈ 64 ಎಂಬ ಅಂಕಿಯನ್ನು ನಿಮ್ಮ ದಾಖಲೆ ಇನ್ನಷ್ಟು ಮೇಲಕ್ಕೆ ಅಥವಾ ಕೆಳಕ್ಕೆ ತರಬಹುದು. ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸುಗಳಲ್ಲಿ, ಹೆರಿಗೆಯ ಚುರುಕಾದ ಹಂತ 5 ಸೆಂ.ಮೀ.ನಿಂದ ಆರಂಭವಾಗುತ್ತದೆ ಎಂದು ಹೇಳಿದೆ. 3 ಅಥವಾ 4 ಸೆಂ.ಮೀ.ನಲ್ಲೇ "ಮುಂದುವರಿಯಲಿಲ್ಲ" ಎಂದು ಆಪರೇಷನ್ ಮಾಡಿಸಿಕೊಂಡವರಲ್ಲಿ ಅನೇಕರಿಗೆ ಹೆರಿಗೆ ನಿಜವಾಗಿ ಆರಂಭವೇ ಆಗಿರುವುದಿಲ್ಲ. ನಿಮ್ಮದು 7ರವರೆಗೆ ಹೋಗಿ ನಿಂತದ್ದರಿಂದ ಅದು ನಿಜವಾದ ನಿಲುಗಡೆ. ಆದರೆ ಏಕೆ ನಿಂತಿತು? ನೀರು ಒಡೆದಿತ್ತೇ, ನೋವು ಸಾಕಷ್ಟು ಬಲವಾಗಿತ್ತೇ, ಡ್ರಿಪ್‌ನಲ್ಲಿ ನೋವು ಹೆಚ್ಚಿಸುವ ಆಕ್ಸಿಟೋಸಿನ್ ಔಷಧ ಕೊಟ್ಟಿದ್ದರೇ, ಮಗುವಿನ ಮುಖ ಯಾವ ಕಡೆಗಿತ್ತು ಎಂಬುದನ್ನು ಟಿಪ್ಪಣಿಯಲ್ಲಿ ಹುಡುಕಿ. ಮಗು ತಾಯಿಯ ಬೆನ್ನಿನ ಕಡೆಗೆ ಮುಖ ಮಾಡಿದ್ದರೆ ತಲೆಯ ಚಿಕ್ಕ ಸುತ್ತಳತೆ ಮುಂದಾಗಿ ಸುಲಭವಾಗಿ ಇಳಿಯುತ್ತದೆ. ತಾಯಿಯ ಹೊಟ್ಟೆಯ ಕಡೆಗೆ ಮುಖ ಮಾಡಿದ್ದರೆ ಅದೇ ತಲೆ ದೊಡ್ಡ ಸುತ್ತಳತೆಯಲ್ಲಿ ಬಂದು ಸಿಕ್ಕಿಕೊಳ್ಳುತ್ತದೆ. ಅಂಥ ನಿಲುಗಡೆಗೆ ಕಾರಣ ಆ ಮಗು ಮಲಗಿದ್ದ ಬಗೆಯೇ ಹೊರತು ನಿಮ್ಮ ಎಲುಬಿನ ಅಳತೆಯಲ್ಲ, ಮತ್ತು ಪ್ರತಿ ಮಗುವೂ ಹಾಗೆ ಮಲಗಬೇಕೆಂದಿಲ್ಲ. "ನಿಮ್ಮ ದಾರಿ ಕಿರಿದು" ಎನಿಸಿಕೊಂಡ ಎಷ್ಟೋ ಮಂದಿ ಮುಂದಿನ ಸಲ ಮೊದಲಿನದಕ್ಕಿಂತ ದಪ್ಪನೆಯ ಮಗುವನ್ನು ಸಹಜವಾಗಿ ಹೆತ್ತಿದ್ದಾರೆ. ಸೊಂಟದ ಎಲುಬನ್ನು ಎಕ್ಸ್‌ರೇ ತೆಗೆಸಿ ಅಳೆಸುವುದರಿಂದ ಏನೂ ಲಾಭವಿಲ್ಲ. ಆಪರೇಷನ್ನುಗಳು ಹೆಚ್ಚುತ್ತವೆ ಅಷ್ಟೆ.

ತೂಕ ಹೆಚ್ಚಾಗಿರುವ ತಾಯಿ, 4 ಕೆ.ಜಿ.ಗಿಂತ ದೊಡ್ಡ ಮಗು, 40 ವಾರ ದಾಟಿದ ಗರ್ಭ ಇವು ಸಾಧ್ಯತೆಯನ್ನು ತಗ್ಗಿಸುತ್ತವೆ. ಕೊನೆಯ ತಿಂಗಳಿನಲ್ಲಿ ಸ್ಕ್ಯಾನಿಂಗ್‌ನವರು ಬರೆಯುವ ಮಗುವಿನ ತೂಕವನ್ನು ಮಾತ್ರ ಅಕ್ಷರಶಃ ನಂಬಬೇಡಿ. ಅದು ತಲೆ, ಹೊಟ್ಟೆ, ತೊಡೆಯೆಲುಬುಗಳ ಅಳತೆಯಿಂದ ಲೆಕ್ಕ ಹಾಕಿದ ಅಂದಾಜು. ನೂರಕ್ಕೆ ಹತ್ತು–ಹದಿನೈದರಷ್ಟು ಆಚೀಚೆಯಾಗುವುದು ಮಾಮೂಲು. 3.7 ಎಂದು ಬರೆದ ಮಗು 3.3 ಇರಬಹುದು, 4.1 ಕೂಡ ಇರಬಹುದು. ಹಾಗೆಯೇ ಕೆಲವರು ಹಳೆಯ ಗಾಯದ ದಪ್ಪವನ್ನು ಮಿಲಿಮೀಟರ್‌ಗಳಲ್ಲಿ ಅಳೆದು ಬರೆದುಕೊಡುತ್ತಾರೆ. ತೆಳುವಾದಷ್ಟೂ ಬಿರಿಯುವ ಸಂಭವ ಹೆಚ್ಚು ಎಂಬುದರಲ್ಲಿ ಸತ್ಯವಿದ್ದರೂ, ಇಷ್ಟಿದ್ದರೆ ಸುರಕ್ಷಿತ, ಇಷ್ಟಕ್ಕಿಂತ ಕಡಿಮೆಯಾದರೆ ಅಪಾಯ ಎಂದು ಎಲ್ಲರೂ ಒಪ್ಪಿದ ಗೆರೆಯೊಂದಿಲ್ಲ. ಆ ಒಂದೇ ಅಂಕಿಯನ್ನು ಹಿಡಿದು 37 ವಾರಕ್ಕೆ ಆಪರೇಷನ್ ಎಂದರೆ, ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಅಂತರದ ವಿಷಯದಲ್ಲಿ ನೀವು ನೆಮ್ಮದಿಯಾಗಿರಬಹುದು. ಎರಡು ಹೆರಿಗೆಗಳ ನಡುವೆ ಹದಿನೆಂಟು ತಿಂಗಳಿಗಿಂತ ಕಡಿಮೆ ಇದ್ದವರಲ್ಲಿ ಗಾಯ ಬಿರಿಯುವ ಪ್ರಮಾಣ ಎರಡು–ಮೂರು ಪಟ್ಟು ಹೆಚ್ಚೆಂದು ಕಂಡುಬಂದಿದೆ. ನಿಮ್ಮದು ಮೂವತ್ಮೂರು ತಿಂಗಳು.

ಮೂರನೆಯ ಮಗುವಿನ ಆಸೆಯನ್ನು ನೀವು ಪ್ರಶ್ನೆಯ ಕೊನೆಯಲ್ಲಿ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಎಣಿಕೆಯಲ್ಲಿ ನಿಮ್ಮ ನಿರ್ಧಾರವನ್ನು ಬೇರೆಲ್ಲಕ್ಕಿಂತ ಹೆಚ್ಚು ತೂಗಬೇಕಾದ ಸಂಗತಿ ಅದು. ಎರಡು ಮಕ್ಕಳಿಗೇ ನಿಲ್ಲಿಸುವವರಿಗೆ ಎರಡನೆಯ ಸಿಸೇರಿಯನ್‌ನ ಪರಿಣಾಮ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಮತ್ತೆ ಗರ್ಭ ಧರಿಸುವವರಿಗೆ ಹಾಗಲ್ಲ. ಪ್ರತಿ ಸಿಸೇರಿಯನ್ನೂ ಗರ್ಭಕೋಶದ ಕೆಳಭಾಗದಲ್ಲಿ ಇನ್ನೊಂದು ಗಾಯ ಉಳಿಸಿಹೋಗುತ್ತದೆ. ಮುಂದಿನ ಗರ್ಭದಲ್ಲಿ ಮಾಸು ಅಲ್ಲಿಯೇ ಕೂತರೆ, ಹೆರಿಗೆಯ ನಂತರ ಸುಲಭವಾಗಿ ಕಳಚಿಕೊಳ್ಳಬೇಕಾದುದು ಸ್ನಾಯುವಿನೊಳಕ್ಕೆ ಬೇರೂರಿ ಅಂಟಿಕೊಳ್ಳಬಹುದು. ಅದನ್ನು ಬಿಡಿಸಲು ಹೋದರೆ ಭಾರೀ ರಕ್ತಸ್ರಾವವಾಗುವುದರಿಂದ ಅನೇಕ ವೇಳೆ ಗರ್ಭಕೋಶವನ್ನೇ ತೆಗೆದುಹಾಕಬೇಕಾಗುತ್ತದೆ. ಹೆರಿಗೆ ನೋವು ಬರುವ ಮೊದಲೇ ಸಿಸೇರಿಯನ್ ಮಾಡಿಸಿಕೊಂಡ ಮೂವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ವಿವರಗಳಿದ್ದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಕೂತಿದ್ದವರ ಪೈಕಿ ಹೀಗೆ ಅಂಟಿಕೊಂಡದ್ದು ಮೊದಲ ಸಿಸೇರಿಯನ್‌ನಲ್ಲಿ ನೂರಕ್ಕೆ 3, ಎರಡನೆಯದರಲ್ಲಿ 11, ಮೂರನೆಯದರಲ್ಲಿ 40, ನಾಲ್ಕನೆಯದರಲ್ಲಿ 61 ಮಂದಿಗೆ. ಮಾಸು ಹಾಗೆ ಅಡ್ಡ ಕೂರುವುದೇ ಅಪರೂಪವಾದ್ದರಿಂದ ಈ ಅಂಕಿಗಳನ್ನು ನೋಡಿ ಗಾಬರಿಪಡಬೇಕಾಗಿಲ್ಲ. ಎಲ್ಲರನ್ನೂ ಸೇರಿಸಿ ಎಣಿಸಿದರೆ ಮೂರನೆಯ ಸಿಸೇರಿಯನ್‌ನಲ್ಲಿಯೂ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಏರಿಕೆ ಯಾವ ದಿಕ್ಕಿನಲ್ಲಿದೆ ಎಂಬುದು ಸ್ಪಷ್ಟ. ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು, ಅದರಿಂದ ಮುಂದಿನ ಆಪರೇಷನ್‌ನಲ್ಲಿ ಮೂತ್ರಕೋಶಕ್ಕೆ ಪೆಟ್ಟಾಗುವ ಸಂಭವ ಕೂಡ ಸಿಸೇರಿಯನ್‌ಗಳ ಸಂಖ್ಯೆಯೊಂದಿಗೆ ಏರುತ್ತದೆ. ಇನ್ನೊಂದು ಕಡೆ, ಈ ಸಲ ಸಹಜವಾಗಿ ಹೆತ್ತರೆ ಮುಂದಿನ ಸಲಕ್ಕೆ ನೀವು ಆ 85–90ರ ಗುಂಪಿಗೆ ಸೇರುತ್ತೀರಿ, ಗಾಯ ಬಿರಿಯುವ ಸಂಭವವೂ ಇಳಿಯುತ್ತದೆ. ಮೂರನೆಯ ಮಗು ಬೇಕೇಬೇಕು ಎಂದಿದ್ದರೆ, ದಾಖಲೆಯಲ್ಲಿ ಅಡ್ಡಗಾಯವೇ ಎಂದು ಖಚಿತವಾದ ಮೇಲೆ, ನಾನು ಪ್ರಯತ್ನದ ಕಡೆಗೇ ವಾಲುತ್ತೇನೆ.

ಇಷ್ಟು ಹೇಳಿದ ಮೇಲೆ ಒಂದು ಷರತ್ತು ಹಾಕಲೇಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಹಗಲಾಗಲಿ ರಾತ್ರಿಯಾಗಲಿ ತಕ್ಷಣ ಸಿಸೇರಿಯನ್ ಮಾಡುವ ಸೌಕರ್ಯ ಇರಬೇಕು. ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು ಮತ್ತು ನಿಮ್ಮ ಗುಂಪಿನ ರಕ್ತ, ಈ ನಾಲ್ಕರಲ್ಲಿ ಒಂದನ್ನು ಹೊರಗಿನಿಂದ ಕರೆಸಬೇಕಾದರೂ ಆ ಸಮಯದ ಬೆಲೆಯನ್ನು ತೆರುವುದು ಮಗು. ಗರ್ಭಕೋಶ ಬಿರಿದಾಗ ನಮ್ಮ ಕೈಯಲ್ಲಿರುವುದು ನಿಮಿಷಗಳು. "ರಾತ್ರಿ ಎರಡು ಗಂಟೆಗೆ ಬೇಕಾದರೆ ಅರಿವಳಿಕೆ ವೈದ್ಯರು ಎಲ್ಲಿರುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ?" ಎಂದು ನೇರವಾಗಿ ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ ಬೇರೆ ಆಸ್ಪತ್ರೆ ಹುಡುಕಿ, ಅಥವಾ ಅಲ್ಲಿಯೇ ನಿಗದಿತ ಸಿಸೇರಿಯನ್ ಮಾಡಿಸಿಕೊಳ್ಳಿ. ಆಪರೇಷನ್ ಸೂಚಿಸಿದ ನಿಮ್ಮ ವೈದ್ಯರ ಆಸ್ಪತ್ರೆಯಲ್ಲಿ ಈ ಸೌಕರ್ಯವಿಲ್ಲದೆ ಅವರು ಹಾಗೆ ಹೇಳಿದ್ದರೆ ಅದು ಪ್ರಾಮಾಣಿಕವಾದ ಸಲಹೆ. ಮನೆಯಲ್ಲಿ ಹೆರುವ ಯೋಚನೆ ಯಾರಾದರೂ ತಲೆಗೆ ಹಾಕಿದ್ದರೆ ಬಿಟ್ಟುಬಿಡಿ.

ನೋವು ತಾನಾಗಿಯೇ ಬರುವುದು ಎಲ್ಲಕ್ಕಿಂತ ಒಳ್ಳೆಯದು. ವಾಷಿಂಗ್ಟನ್ ರಾಜ್ಯದ 20,095 ಮಹಿಳೆಯರ ದಾಖಲೆಗಳನ್ನು ಆಧರಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗರ್ಭಕೋಶ ಬಿರಿದ ಪ್ರಮಾಣ, ನೋವು ಬಾರದೆ ಸಿಸೇರಿಯನ್ ಆದವರಲ್ಲಿ ಸಾವಿರಕ್ಕೆ 1.6, ನೋವು ತಾನಾಗಿ ಬಂದವರಲ್ಲಿ 5.2, ಪ್ರೊಸ್ಟಾಗ್ಲಾಂಡಿನ್ (ಗರ್ಭಕೋಶದ ಬಾಯಿಯನ್ನು ಮೆದುವಾಗಿಸುವ ಔಷಧ) ಬಳಸದೆ ನೋವು ಬರಿಸಿದವರಲ್ಲಿ 7.7, ಪ್ರೊಸ್ಟಾಗ್ಲಾಂಡಿನ್ ಬಳಸಿ ಬರಿಸಿದವರಲ್ಲಿ 24.5. ಪ್ರೊಸ್ಟಾಗ್ಲಾಂಡಿನ್ ಬಗೆಯದೇ ಆದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು, ಹಿಂದೆ ಸಿಸೇರಿಯನ್ ಆಗಿದ್ದವರಿಗೆ ದಿನ ತುಂಬಿದಾಗ ನೋವು ಬರಿಸಲು ಕೊಡಬಾರದು. ಯಾರಾದರೂ ಕೊಡಲು ಬಂದರೆ "ನನಗೆ ಮೊದಲು ಸಿಸೇರಿಯನ್ ಆಗಿದೆ" ಎಂದು ಬಾಯಿಬಿಟ್ಟು ಹೇಳಿ, ಸಂಕೋಚಪಡಬೇಡಿ. ದಿನ ಮೀರಿದ ಕಾರಣಕ್ಕೋ ರಕ್ತದೊತ್ತಡಕ್ಕೋ ನೋವು ಬರಿಸಲೇಬೇಕಾದರೆ, ಗರ್ಭಕೋಶದ ಬಾಯಿಯೊಳಕ್ಕೆ ತೆಳುವಾದ ಕೊಳವೆ ಸೇರಿಸಿ ಅದರ ತುದಿಯ ಬಲೂನಿಗೆ ನೀರು ತುಂಬಿ ನಿಧಾನವಾಗಿ ಹಿಗ್ಗಿಸುವ ವಿಧಾನ ಹೆಚ್ಚು ಸುರಕ್ಷಿತ. ನೋವು ಮಂದವಾದರೆ ಆಕ್ಸಿಟೋಸಿನ್ ಡ್ರಿಪ್ ಅನ್ನು ಹಿರಿಯ ವೈದ್ಯರ ಕಣ್ಣೆದುರಿನಲ್ಲಿ, ಕಡಿಮೆ ಪ್ರಮಾಣದಲ್ಲಿ ಕೊಡಬಹುದು. ಆದರೆ ನಿಮ್ಮ ಹಿಂದಿನ ಹೆರಿಗೆಯೂ ಅರ್ಧಕ್ಕೆ ನಿಂತದ್ದು. ಈ ಸಲವೂ ಚುರುಕು ಹಂತದಲ್ಲಿ ಗಂಟೆಗಟ್ಟಲೆ ಮುಂದುವರಿಯದಿದ್ದರೆ ಡ್ರಿಪ್ಪಿನ ವೇಗ ಹೆಚ್ಚಿಸುತ್ತ ಹೋಗುವುದಕ್ಕಿಂತ ಆಪರೇಷನ್ನಿಗೆ ಒಪ್ಪಿಕೊಳ್ಳುವುದು ಜಾಣತನ. ಹಟದಿಂದ ಎಳೆದ ಹೆರಿಗೆಯಲ್ಲೇ ಗಾಯಕ್ಕೆ ಅಪಾಯ ಹೆಚ್ಚು.

ನೋವು ಆರಂಭವಾದೊಡನೆ ಆಸ್ಪತ್ರೆಗೆ ಹೋಗಿ. ಮೊದಲ ಹೆರಿಗೆಯವರಿಗೆ ಹೇಳುವಂತೆ ಮನೆಯಲ್ಲಿ ಕಾಯಬೇಡಿ. ಅಲ್ಲಿ ಕೈಗೆ ಸೂಜಿ ಹಾಕಿ, ರಕ್ತದ ಮಾದರಿ ತೆಗೆದುಕೊಂಡು, ಹೊಟ್ಟೆಗೆ ಎರಡು ಪಟ್ಟಿ ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತವನ್ನು, ಇನ್ನೊಂದು ಗರ್ಭಕೋಶದ ಬಿಗಿತವನ್ನು ಒಂದೇ ಕಾಗದದ ಮೇಲೆ ಬರೆಯುತ್ತ ಹೋಗುತ್ತದೆ. ಇದನ್ನು ಹೆರಿಗೆ ಮುಗಿಯುವವರೆಗೂ ಬಿಚ್ಚುವುದಿಲ್ಲ. ಕಿರಿಕಿರಿಯೆನಿಸಿದರೂ ಸಹಿಸಿಕೊಳ್ಳಿ, ಏಕೆಂದರೆ ಗರ್ಭಕೋಶ ಬಿರಿಯುವಾಗ ಬಹುಪಾಲು ಪ್ರಸಂಗಗಳಲ್ಲಿ ಮೊದಲು ಸುಳಿವು ಕೊಡುವುದು ಮಗುವಿನ ಎದೆಬಡಿತ. ನೋವುನಿವಾರಣೆಗೆ ಎಪಿಡ್ಯೂರಲ್ ಚುಚ್ಚುಮದ್ದು ಬೇಕಾದರೆ ತೆಗೆದುಕೊಳ್ಳಬಹುದು, ಅದು ಬಿರಿತದ ಲಕ್ಷಣವನ್ನು ಮರೆಮಾಡುತ್ತದೆ ಎಂಬ ಹಳೆಯ ಹೆದರಿಕೆ ಈಗ ಉಳಿದಿಲ್ಲ. ಬದಲಿಗೆ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಪಿಡ್ಯೂರಲ್ ಇದ್ದಕ್ಕಿದ್ದಂತೆ ಸಾಲದೆ ಬಂದರೆ ಅದನ್ನೇ ನಾವು ಎಚ್ಚರಿಕೆ ಎಂದು ತೆಗೆದುಕೊಳ್ಳುತ್ತೇವೆ. ಹೆರಿಗೆ ನೋವು ಬಂದು ಹೋಗುವಂಥದು, ಎರಡರ ನಡುವೆ ಬಿಡುವು ಇರುತ್ತದೆ. ಹಳೆಯ ಗಾಯದ ಜಾಗದಲ್ಲಿ ಆ ಬಿಡುವಿನಲ್ಲೂ ನಿಲ್ಲದ ನೋವು, ಭುಜದ ತುದಿಯಲ್ಲಿ ನೋವು, ಕೆಂಪು ರಕ್ತಸ್ರಾವ, ಮೂತ್ರದಲ್ಲಿ ರಕ್ತ, ಬರುತ್ತಿದ್ದ ನೋವು ತಟ್ಟನೆ ನಿಂತುಹೋಗುವುದು, ಕಣ್ಣು ಕತ್ತಲಿಡುವುದು ಇವುಗಳಲ್ಲಿ ಯಾವುದು ಕಂಡರೂ ನೀವು ಅಥವಾ ನಿಮ್ಮ ಜೊತೆಗಿರುವವರು ಕೂಡಲೇ ದಾದಿಯನ್ನು ಕೂಗಿ ಕರೆಯಬೇಕು. ಜೊತೆಗೆ ಯಾರಾದರೂ ಕಡೆಯವರೆಗೂ ಇರುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು: ಎಡೆಬಿಡದೆ ಜೊತೆಗಾರರಿರುವ ಹೆರಿಗೆಗಳು ಸಹಜವಾಗಿ ಮುಗಿಯುವ ಪ್ರಮಾಣ ಹೆಚ್ಚು.

ಇದೆಲ್ಲವನ್ನೂ ತೂಗಿನೋಡಿ ಸಿಸೇರಿಯನ್ನೇ ಬೇಕೆಂದು ನೀವು ನಿರ್ಧರಿಸಿದರೆ ಅದರಲ್ಲಿ ಸೋಲೇನೂ ಇಲ್ಲ. ಮೂವರಲ್ಲಿ ಒಬ್ಬರಿಗೆ ತುರ್ತು ಆಪರೇಷನ್ ಆಗುವ ಸಂಭವವನ್ನು ಬೇಡವೆನ್ನುವುದು ವಿವೇಕದ ಮಾತೇ. ಆಗ ದಿನಾಂಕವನ್ನು 39 ವಾರ ತುಂಬಿದ ಮೇಲೆ ಇಟ್ಟುಕೊಳ್ಳಿ. ಅದಕ್ಕೆ ಮೊದಲು, ವಿಶೇಷವಾಗಿ 37ನೆಯ ವಾರದಲ್ಲಿ, ಹೆರಿಗೆ ನೋವು ಬಾರದೆ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. ಆಪರೇಷನ್ ಸೂಚಿಸಿದ ನಿಮ್ಮ ವೈದ್ಯರು 39 ಎಂದದ್ದು ಅದಕ್ಕೇ. ಸಹಜ ಹೆರಿಗೆಯ ಕಡೆಗೆ ಮನಸ್ಸು ಮಾಡಿದರೆ, 40 ವಾರ ದಾಟಿದ ಮೇಲೆ ಎಷ್ಟು ದಿನ ಕಾಯುವುದು, 41ರ ಹೊತ್ತಿಗೂ ನೋವು ಬಾರದಿದ್ದರೆ ಬಲೂನ್ ವಿಧಾನವೋ ಆಪರೇಷನ್ನೋ ಎಂಬುದನ್ನು 36ನೆಯ ವಾರದ ಭೇಟಿಯಲ್ಲೇ ಮಾತನಾಡಿ, ನಿಮ್ಮ ಕಡತದಲ್ಲಿ ಬರೆಸಿಬಿಡಿ.

ಒಂದು ಸಂದರ್ಭವನ್ನು ಎಲ್ಲರೂ ಮರೆಯುತ್ತಾರೆ. 39 ವಾರಕ್ಕೆ ದಿನ ಗೊತ್ತುಮಾಡಿಕೊಂಡವರಲ್ಲಿ ಹತ್ತರಲ್ಲಿ ಒಬ್ಬರಿಗೆ ಅದಕ್ಕೆ ಮೊದಲೇ ನೋವು ಬಂದುಬಿಡುತ್ತದೆ. ನಡುರಾತ್ರಿಯಲ್ಲಿ, ನಿಮ್ಮನ್ನು ಹಿಂದೆ ನೋಡಿಯೇ ಇರದ ವೈದ್ಯರ ಮುಂದೆ, ನೋವಿನ ನಡುವೆ ನಿರ್ಧಾರ ಮಾಡುವ ಪರಿಸ್ಥಿತಿ ಬೇಡ. ಹಾಗೆ ನೋವು ಬಂದು, ನೀವು ಆಸ್ಪತ್ರೆ ತಲುಪುವಾಗ ಬಾಯಿ ಆಗಲೇ 5–6 ಸೆಂ.ಮೀ. ತೆರೆದಿದ್ದರೆ ಆಗಲೂ ಆಪರೇಷನ್ನೇ ಬೇಕೋ ಅಥವಾ ಮುಂದುವರಿಯಲು ನಿಮಗೆ ಒಪ್ಪಿಗೆಯೋ ಎಂಬುದನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿಡಿ, ಮನೆಯವರಿಗೂ ತಿಳಿಸಿಡಿ. ಹಿಂದಿನ ಆಪರೇಷನ್ ಟಿಪ್ಪಣಿಯ ಒಂದು ಪ್ರತಿ ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಇಂದಿನಿಂದಲೇ ಇರಲಿ.